ಓದುಗರ ಪ್ರಶ್ನೆ, ಅಡುಗೆಮನೆಯ ಉತ್ತರ: ತಾರಸಿಯ ಮೇಲೆ ಕೆಂಡದ ಬಾಡೂಟ

ಸ್ನೇಹಿತರನ್ನು ಮನೆಗೆ ಕರೆದು ಕೆಂಡದ ಮೇಲೆ ಮಾಂಸ ಬೇಯಿಸುವ ಬಗ್ಗೆ ಬಂದಿರುವ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಬರೆದವರಲ್ಲಿ ಹೆಚ್ಚಿನವರು ಮಸಾಲೆಯ ಬಗ್ಗೆ ಕೇಳಿದ್ದಾರೆ. ಉತ್ತರಗಳು ಮಾತ್ರ ಬೆಂಕಿ ಮತ್ತು ಸಮಯದ ಕಡೆಗೇ ಹೆಚ್ಚು ವಾಲಿವೆ, ಏಕೆಂದರೆ ಮನೆಯ ಬಾರ್ಬೆಕ್ಯೂ ಮಸಾಲೆಯಿಂದ ಕೆಡುವುದು ಅಪರೂಪ, ಅವಸರದಿಂದ ಕೆಡುವುದೇ ಹೆಚ್ಚು.

ಪ್ರಶ್ನೆ: ನಮ್ಮದು ಸ್ವಂತ ಮನೆ, ದೊಡ್ಡ ತಾರಸಿ ಇದೆ. ಮುಂದಿನ ಭಾನುವಾರ ಸಂಜೆ ಕಾಲೇಜಿನ ಹಳೆಯ ಸ್ನೇಹಿತರು 12 ಮಂದಿ ಬರುತ್ತಿದ್ದಾರೆ. ಅನ್ನ, ಸಾರು ಬೇಡ, ಬರೀ ಮಾಂಸವೇ ಇರಲಿ ಎಂಬುದು ಅವರ ಷರತ್ತು. ಚಾಪ್ಸ್, ಕೋಳಿ, ಮೀನು, ಲಿವರ್, ಕೈಮಾ, ಕುರಿಯ ತೊಡೆ ಎಲ್ಲವನ್ನೂ ಮಾಡಬೇಕೆಂದಿದ್ದೇನೆ. ಯಾವುದನ್ನು ಎಷ್ಟು ತರಬೇಕು?
– ಓದುಗರು, ಮೈಸೂರು

ಉತ್ತರ: ಮೊದಲು ನಿಮ್ಮ ಪಟ್ಟಿಯಿಂದ ಮೀನನ್ನೂ ಕುರಿಯ ತೊಡೆಯನ್ನೂ ತೆಗೆದುಹಾಕಿ. ಮೀನು ಜಾಲರಿಗೆ ಅಂಟಿಕೊಳ್ಳುತ್ತದೆ, ಅದರ ವಾಸನೆ ಉಳಿದ ಮಾಂಸಕ್ಕೂ ಹತ್ತುತ್ತದೆ, ಅದಕ್ಕೆಂದೇ ಇನ್ನೊಂದು ಜಾಲರಿ ಇಲ್ಲದಿದ್ದರೆ ಅದರ ಸಹವಾಸ ಬೇಡ. ಇಡೀ ತೊಡೆ ಕೆಂಡದ ಮೇಲೆ ಹದವಾಗಿ ಬೇಯಬೇಕಾದರೆ ಗಂಟೆಗಟ್ಟಲೆ ಹಿಡಿಯುತ್ತದೆ, ಆ ಹೊತ್ತಿನಲ್ಲಿ ನಿಮ್ಮ ಜಾಲರಿಯ ಅರ್ಧ ಜಾಗ ಅದಕ್ಕೇ ಮೀಸಲಾಗಿಬಿಡುತ್ತದೆ. ಉಳಿದ ನಾಲ್ಕು ಬಗೆಗಳೇ 12 ಮಂದಿಗೆ ಸಾಕು, ಹೆಚ್ಚೇ ಆಯಿತು ಎಂದರೂ ತಪ್ಪಲ್ಲ.

ಅನ್ನವಿಲ್ಲದ ಊಟದಲ್ಲಿ ತಲೆಗೆ ಮೂಳೆಸಹಿತ ಮಾಂಸವಾದರೆ 400ರಿಂದ 450 ಗ್ರಾಂ, ಮೂಳೆಯಿಲ್ಲದ್ದಾದರೆ 250 ಗ್ರಾಂ ಹಸಿ ತೂಕ ಹಿಡಿಯುವುದು ವಾಡಿಕೆ. ಆ ಲೆಕ್ಕದಲ್ಲಿ ಕೋಳಿಯ ಕಾಲು ಎರಡೂವರೆ ಕಿಲೋ, ಚಾಪ್ಸ್ ಒಂದೂವರೆ ಕಿಲೋ, ಕೈಮಾ ಒಂದು ಕಿಲೋ, ಲಿವರ್ ಅರ್ಧ ಕಿಲೋ ತಂದರೆ ಯಾರೂ ಹಸಿದು ಏಳುವುದಿಲ್ಲ. ಕೋಳಿಯ ವಿಷಯದಲ್ಲಿ ಫಾರಂ ಕೋಳಿಯೇ ಇರಲಿ. ನಾಟಿ ಕೋಳಿಯ ರುಚಿ ದೊಡ್ಡದೇ, ಆದರೆ ಅದರ ಮಾಂಸ ಗಟ್ಟಿ, ಅದು ಸಾರಿಗೆ ಹೇಳಿ ಮಾಡಿಸಿದ್ದು, ಕೆಂಡಕ್ಕಲ್ಲ. ಎದೆಯ ಮಾಂಸವನ್ನು ಬಿಟ್ಟು ಕಾಲನ್ನೇ ಕೇಳಿ ಪಡೆಯಿರಿ, ಏಕೆಂದರೆ ಎದೆಯಲ್ಲಿ ಕೊಬ್ಬು ಕಡಿಮೆಯಾದ್ದರಿಂದ ಎರಡು ನಿಮಿಷ ಹೆಚ್ಚು ಬೆಂದರೂ ಒಣಗಿ ನಾರಾಗುತ್ತದೆ.

ಕುರಿಯ ಮಾಂಸವನ್ನು ಭಾನುವಾರ ಬೆಳಿಗ್ಗೆ ಸಾಲಿನಲ್ಲಿ ನಿಂತು ತರುವ ಬದಲು ಶನಿವಾರ ಬೆಳಿಗ್ಗೆಯೇ ತಂದುಬಿಡಿ. ನಮ್ಮಲ್ಲಿ ಕುರಿಯನ್ನು ಕಡಿದ ಒಂದೆರಡು ಗಂಟೆಗಳಲ್ಲೇ ಮಾಂಸ ಮಾರಾಟವಾಗುತ್ತದೆ. ಆಗ ಸ್ನಾಯುಗಳು ಇನ್ನೂ ಬಿಗಿದುಕೊಳ್ಳುವ ಹಂತದಲ್ಲಿರುತ್ತವೆ, ಫ್ರಿಜ್ಜಿನಲ್ಲಿ ಒಂದು ದಿನ ಇಟ್ಟರೆ ಆ ಬಿಗುವು ಸಡಿಲಿ ಮಾಂಸ ಮೆತ್ತಗಾಗುತ್ತದೆ. ಸಾರಿನಲ್ಲಿ ಗಂಟೆಗಟ್ಟಲೆ ಕುದಿಸುವವರಿಗೆ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ, ಕೆಂಡದ ಮೇಲೆ ಬೇಯಿಸುವವರಿಗೆ ಮೊದಲ ತುತ್ತಿನಲ್ಲೇ ಗೊತ್ತಾಗುತ್ತದೆ. ಶನಿವಾರ ಮಾಂಸ ಮುಟ್ಟದ ಮನೆಗಳು ಬಹಳ ಇರುವುದರಿಂದ ಅಂಗಡಿಯವರಿಗೂ ಪುರುಸೊತ್ತಿರುತ್ತದೆ, ನಿಮಗೆ ಬೇಕಾದ ಹಾಗೆ ಚಾಪ್ಸನ್ನು ಒಂದು ಬೆರಳು ದಪ್ಪಕ್ಕೆ ಕತ್ತರಿಸಿಕೊಡುತ್ತಾರೆ. ನೀವು ಮೈಸೂರಿನವರಾದ್ದರಿಂದ ಬನ್ನೂರು ಕುರಿಯ ಆಸೆ ಇದ್ದೇ ಇರುತ್ತದೆ. ಮಂಡ್ಯ ಜಿಲ್ಲೆಯ ಬಂಡೂರಿನ ಹೆಸರಿನಲ್ಲೂ ಕರೆಯಲಾಗುವ ಈ ಗಿಡ್ಡಕಾಲಿನ, ತುಂಬು ಮೈಯ ತಳಿಯ ಮಾಂಸದೊಳಗೆ ಕೊಬ್ಬು ತೆಳ್ಳಗೆ ಹರಡಿಕೊಂಡಿರುವುದರಿಂದ ಕೆಂಡಕ್ಕೆ ಅದು ಬಹಳ ಒಗ್ಗುತ್ತದೆ. ಆದರೆ ಅಂಗಡಿಯ ಬೋರ್ಡಿನ ಮೇಲೆ ಆ ಹೆಸರಿದ್ದ ಮಾತ್ರಕ್ಕೆ ಒಳಗೆ ನೇತಾಡುತ್ತಿರುವುದು ಅದೇ ಎಂದು ತಿಳಿಯಬೇಡಿ. ಹೆಸರಿಗಿಂತ ಪ್ರಾಯ ನೋಡಿ: ಎಳೆ ಮರಿಯ ಮಾಂಸ ತಿಳಿಗೆಂಪಾಗಿರುತ್ತದೆ, ಕೊಬ್ಬು ಬೆಳ್ಳಗಿರುತ್ತದೆ, ಪಕ್ಕೆಲುಬು ಸಣ್ಣದಿರುತ್ತದೆ.

ಎಳೆ ಮರಿಯಾದರೂ ಚಾಪ್ಸನ್ನು ಉಪ್ಪು, ಅರಿಶಿನ, ಜಜ್ಜಿದ ಶುಂಠಿ ಬೆಳ್ಳುಳ್ಳಿಯೊಂದಿಗೆ ಕುಕ್ಕರಿನಲ್ಲಿ ಎರಡು ಕೂಗು ಕೂಗಿಸಿ, ಆರಿದ ಮೇಲೆ ಮಸಾಲೆ ಸವರಿ ಫ್ರಿಜ್ಜಿನಲ್ಲಿಡುವುದು ಕ್ಷೇಮ. ಕೆಂಡದ ಶುದ್ಧಾಚಾರದವರು ಇದನ್ನು ಒಪ್ಪುವುದಿಲ್ಲ, ಅವರು ಬಂದರೆ ಈ ಸಂಗತಿಯನ್ನು ಹೇಳಬೇಕಾಗಿಯೂ ಇಲ್ಲ. ಕುಕ್ಕರಿನಲ್ಲಿ ಉಳಿದ ರಸಕ್ಕೆ ಕಾಳುಮೆಣಸಿನ ಪುಡಿ ಹಾಕಿ ಕುದಿಸಿ, ಬಂದವರಿಗೆ ಲೋಟಗಳಲ್ಲಿ ಕೊಟ್ಟರೆ ಮೊದಲ ಅರ್ಧ ಗಂಟೆ ಯಾರೂ ಒಲೆಯ ಸುತ್ತ ಸುಳಿಯುವುದಿಲ್ಲ.

ಕೈಮಾವನ್ನು ಎರಡು ಸಲ ಹಾಕಿಸಿ, ಕಿಲೋಗೆ 150 ಗ್ರಾಂನಷ್ಟು ಕೊಬ್ಬು ಸೇರಿಸಲು ಹೇಳಿ. ಕೊಬ್ಬಿಲ್ಲದ ಕೈಮಾ ಕಂಬಿಯ ಮೇಲೆ ಪುಡಿಪುಡಿಯಾಗುತ್ತದೆ. ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ ಕೈಯಲ್ಲಿ ಹಿಂಡಿ ನೀರು ತೆಗೆದು, ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿ, ಕಿಲೋಗೆ ಎರಡು ಹಿಡಿ ಹುರಿಗಡಲೆ ಪುಡಿ ಮತ್ತು ಉಪ್ಪಿನೊಂದಿಗೆ ಐದು ನಿಮಿಷ ಚೆನ್ನಾಗಿ ನಾದಬೇಕು. ನಮ್ಮ ಕೈಮಾ ಉಂಡೆಗೆ ಹುರಿಗಡಲೆ ಹಾಕುವ ಕಾರಣವೇ ಇಲ್ಲಿಯೂ ನಡೆಯುತ್ತದೆ, ಅದು ತೇವವನ್ನು ಹೀರಿ ಮಾಂಸವನ್ನು ಕೂಡಿಸುತ್ತದೆ. ನಾದುತ್ತಿರುವಾಗ ಮುದ್ದೆ ಪಾತ್ರೆಯ ಬದಿ ಬಿಟ್ಟು ಅಂಗೈಗೆ ಅಂಟತೊಡಗಿದರೆ ಹದ ಬಂದಿದೆ ಎಂದರ್ಥ. ಅದನ್ನು ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ, ಚಪ್ಪಟೆಯಾದ ಉಕ್ಕಿನ ಕಂಬಿಗಳಿಗೆ ಒದ್ದೆ ಕೈಯಿಂದ ಮೆತ್ತಿ. ದುಂಡಗಿನ ಕಂಬಿಯಾದರೆ ನೀವು ತಿರುಗಿಸಿದಾಗ ಕಂಬಿ ತಿರುಗುತ್ತದೆ, ಕೈಮಾ ಇದ್ದಲ್ಲೇ ಇರುತ್ತದೆ.

ಬಡಿಸುವ ಸರದಿಯನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ. ಲಿವರಿನ ಸಣ್ಣ ತುಂಡುಗಳು ಐದಾರು ನಿಮಿಷದಲ್ಲಿ ಒಳಗೂ ಬೇಯುತ್ತವೆ, ಅವು ಮೊದಲು. ನಂತರ ಕೈಮಾ, ಆಮೇಲೆ ಚಾಪ್ಸ್. ಕೋಳಿಯನ್ನು ಎಲ್ಲಕ್ಕಿಂತ ಮೊದಲು ಒಲೆಗೆ ಇಟ್ಟು ಎಲ್ಲಕ್ಕಿಂತ ಕೊನೆಗೆ ತೆಗೆಯಬೇಕು. ಸ್ನೇಹಿತರ ಷರತ್ತು ಏನೇ ಇರಲಿ, ಒಂದು ಪಾತ್ರೆ ಮೊಸರನ್ನ ಕಲಸಿಟ್ಟಿರಿ. ರಾತ್ರಿ ಹತ್ತರ ನಂತರ ಅದನ್ನು ಕೇಳುವವರು ಷರತ್ತು ಹಾಕಿದವರೇ ಆಗಿರುತ್ತಾರೆ.

ಪ್ರಶ್ನೆ: ಹೊಸ ವರ್ಷದ ಹಿಂದಿನ ರಾತ್ರಿ ಮೊದಲ ಬಾರಿಗೆ ಇದ್ದಿಲಿನ ಗ್ರಿಲ್ ಹಚ್ಚಿದೆವು. ಇದ್ದಿಲು ಹೊತ್ತಿಕೊಳ್ಳದೆ ಸೀಮೆಎಣ್ಣೆ ಸುರಿಯಬೇಕಾಯಿತು. ಕೊನೆಗೆ ಕೋಳಿ ಹೊರಗೆ ಕರಿಕಲಾಯಿತು, ಮೂಳೆಯ ಹತ್ತಿರ ಹಸಿಯಾಗಿಯೇ ಇತ್ತು. ಎಲ್ಲಿ ತಪ್ಪಾಯಿತು?
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಸೀಮೆಎಣ್ಣೆ ಮೊದಲ ತಪ್ಪು. ಅದರ ವಾಸನೆ ಮಾಂಸಕ್ಕೆ ಹತ್ತುವುದಷ್ಟೇ ಅಲ್ಲ, ಅರೆಬರೆ ಹೊತ್ತಿದ ಇದ್ದಿಲಿನ ಮೇಲೆ ಯಾವುದೇ ಎಣ್ಣೆಯನ್ನು ಸುರಿದರೂ ಜ್ವಾಲೆ ಭಗ್ಗನೆ ಸುರಿದವರ ಕೈಗೇ ಏರಿಬರಬಹುದು. ಪೆಟ್ರೋಲ್ ಮತ್ತು ಸ್ಪಿರಿಟ್ ಇನ್ನೂ ಅಪಾಯಕರ. ಹಳೆಯ ಎಣ್ಣೆ ಡಬ್ಬದ ಮೇಲ್ಭಾಗ, ತಳಭಾಗ ಎರಡನ್ನೂ ಕತ್ತರಿಸಿ ತೆಗೆದು, ಬುಡದ ಸುತ್ತ ಬೆರಳು ಹೋಗುವಷ್ಟು ತೂತುಗಳನ್ನು ಮಾಡಿ, ಅದನ್ನು ಗ್ರಿಲ್ಲಿನೊಳಗೆ ನಿಲ್ಲಿಸಿ. ಅಡಿಯಲ್ಲಿ ಒಣಗಿದ ತೆಂಗಿನ ನಾರು, ಒಂದೆರಡು ಚಿಪ್ಪು ಇಟ್ಟು, ಮೇಲೆ ಇದ್ದಿಲು ತುಂಬಿ, ಕೆಳಗಿನ ತೂತಿನಿಂದ ನಾರಿಗೆ ಬೆಂಕಿ ಕೊಡಿ. ಬಿಸಿಗಾಳಿ ಮೇಲೇರುತ್ತ ಕೆಳಗಿನಿಂದ ಹೊಸ ಗಾಳಿಯನ್ನು ಎಳೆದುಕೊಳ್ಳುವುದರಿಂದ ಬೀಸಣಿಗೆಯ ಕೆಲಸ ತಾನಾಗಿಯೇ ನಡೆದು, 20–25 ನಿಮಿಷದಲ್ಲಿ ಎಲ್ಲವೂ ಕೆಂಡವಾಗುತ್ತದೆ. ಆಗ ದಪ್ಪ ಬಟ್ಟೆ ಮತ್ತು ಇಕ್ಕಳದ ಸಹಾಯದಿಂದ ಡಬ್ಬವನ್ನು ಎತ್ತಿ ತೆಗೆದರಾಯಿತು. ಬಣ್ಣ ಬಳಿದ ಡಬ್ಬವಾಗಿದ್ದರೆ ಹಿಂದಿನ ದಿನವೇ ಒಮ್ಮೆ ಖಾಲಿ ಸುಟ್ಟು ಬಣ್ಣವನ್ನು ಕಳೆದುಕೊಳ್ಳಿ.

ಇದ್ದಿಲು ಕೊಳ್ಳುವಾಗ ಚೀಲದೊಳಗೆ ಕೈ ಹಾಕಿ ನೋಡಿ. ಮುಷ್ಟಿ ಗಾತ್ರದ, ಒಂದಕ್ಕೊಂದು ತಾಗಿಸಿದರೆ ಗಾಜಿನಂತೆ ಸದ್ದು ಮಾಡುವ ತುಂಡುಗಳು ಚೆನ್ನಾಗಿ ಸುಟ್ಟವು. ಒಳಗೆ ಕಂದು ಬಣ್ಣ ಉಳಿದಿರುವ ಅರೆಸುಟ್ಟ ತುಂಡುಗಳು ಇಡೀ ಸಂಜೆ ಹೊಗೆ ಕಕ್ಕುತ್ತವೆ. ಬಳ್ಳಾರಿ ಜಾಲಿಯ ಇದ್ದಿಲಾದರೆ ಕಾವು ಬಹಳ ಹೊತ್ತು ನಿಲ್ಲುತ್ತದೆ. ತೆಂಗಿನ ಚಿಪ್ಪಿನ ಇದ್ದಿಲಿಗೆ ಕಾವು ಇನ್ನೂ ಹೆಚ್ಚು, ಹೊಗೆ ಕಡಿಮೆ. ಹತ್ತು ಹನ್ನೆರಡು ಮಂದಿಗೆ, ಮೂರು ಗಂಟೆಯ ಅಡುಗೆಗೆ ಐದು ಕಿಲೋ ಇರಲಿ.

ಇನ್ನು ಕರಿಕಲಾದ ಕೋಳಿಯ ವಿಚಾರ. ಮೂಳೆ ಇರುವ ಕೋಳಿಕಾಲು ಒಳಗಿನವರೆಗೆ ಬೇಯಲು 35ರಿಂದ 45 ನಿಮಿಷ ಬೇಕು, ಅದಕ್ಕೆ ಹಚ್ಚಿರುವ ಮೊಸರು, ಮೆಣಸಿನಪುಡಿ ಸೀಯಲು ಐದು ನಿಮಿಷ ಸಾಕು. ನೀವು ಕೆಂಡವನ್ನು ಜಾಲರಿಯ ಉದ್ದಕ್ಕೂ ಹರಡಿ ಕೋಳಿಯನ್ನು ನೇರವಾಗಿ ಅದರ ಮೇಲಿಟ್ಟಿರಬೇಕು. ಮುಂದಿನ ಸಲ ಕೆಂಡವನ್ನೆಲ್ಲ ಒಂದು ಬದಿಗೆ ಒಟ್ಟಿ, ಇನ್ನೊಂದು ಬದಿಯನ್ನು ಖಾಲಿ ಬಿಡಿ. ಕೆಂಡದ ಮೇಲೆ ತೆಳು ಬೂದಿ ಕವಿದು, ಜ್ವಾಲೆ ಪೂರ್ತಿ ಅಡಗಿದ ಮೇಲೆ, ಕೋಳಿಯನ್ನು ಖಾಲಿ ಬದಿಯ ಮೇಲಿಟ್ಟು, ಗ್ರಿಲ್ಲಿಗೆ ಮುಚ್ಚಳವಿಲ್ಲದಿದ್ದರೆ ದೊಡ್ಡ ಅಲ್ಯೂಮಿನಿಯಂ ಪಾತ್ರೆಯೊಂದನ್ನು ಬೋರಲು ಹಾಕಿ ಮುಚ್ಚಿ. ಗಾಳಿ ಆಡಲು ಒಂದು ಕಡೆ ಸ್ವಲ್ಪ ಎತ್ತರಿಸಿರಬೇಕು. ಹೀಗೆ ಅರ್ಧ ಗಂಟೆ ಕಳೆದ ನಂತರ ಕೆಂಡದ ಬದಿಗೆ ತಂದು, ಇಕ್ಕಳದಿಂದ ಬೇಗಬೇಗ ಹೊರಳಿಸುತ್ತ ಬಣ್ಣ ಬರಿಸಿದರೆ ಸಾಕು. ಕೊಬ್ಬು ತೊಟ್ಟಿಕ್ಕಿ ಉರಿ ಎದ್ದಾಗ ನೀರು ಚಿಮುಕಿಸುವ ಅಭ್ಯಾಸ ಬಹಳ ಜನರಿಗಿದೆ, ಅದರಿಂದ ಬೂದಿ ಹಾರಿ ಮಾಂಸಕ್ಕೆ ಮೆತ್ತಿಕೊಳ್ಳುತ್ತದೆ. ಮಾಂಸವನ್ನು ಖಾಲಿ ಬದಿಗೆ ಸರಿಸಿದರೆ ಉರಿ ತಾನೇ ತಣಿಯುತ್ತದೆ.

ಬೆಂದದ್ದನ್ನು ತಿಳಿಯುವುದು ಹೇಗೆಂದರೆ, ಕಾಲಿನ ತುದಿಯಲ್ಲಿ ಚರ್ಮ ಹಿಂದಕ್ಕೆ ಸರಿದು ಎರಡು ಬೆರಳಿನಷ್ಟು ಮೂಳೆ ಬರಿದಾಗಿ ಕಾಣುತ್ತದೆ, ಕೀಲನ್ನು ತಿರುವಿದರೆ ಸಡಿಲವಾಗಿ ತಿರುಗುತ್ತದೆ. ಬಣ್ಣವನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಎಳೆಯ ಫಾರಂ ಕೋಳಿಗಳಲ್ಲಿ ಮಜ್ಜೆಯ ಬಣ್ಣ ಮೂಳೆಯಿಂದ ಹೊರಗೆ ಒಸರುವುದರಿಂದ, ಪೂರ್ತಿ ಬೆಂದ ಮಾಂಸವೂ ಮೂಳೆಯ ಪಕ್ಕದಲ್ಲಿ ಕೆಂಪಗೆ ಕಾಣಬಹುದು. ಅಡುಗೆಯ ಥರ್ಮಾಮೀಟರೊಂದನ್ನು ಕೊಂಡರೆ ಈ ಗೊಂದಲವೇ ಇಲ್ಲ: ಮೂಳೆಗೆ ತಾಗದಂತೆ, ಮಾಂಸದ ದಪ್ಪ ಭಾಗಕ್ಕೆ ಚುಚ್ಚಿದಾಗ 74 ಡಿಗ್ರಿ ಸೆಲ್ಸಿಯಸ್ ತೋರಿಸಿದರೆ ಬೆಂದಿದೆ.

ನಿಮ್ಮ ಪತ್ರದ ಕೊನೆಯಲ್ಲಿ ಹಾರ್ಡ್‌ವೇರ್ ಅಂಗಡಿಯ ಜಿ.ಐ. ಜಾಲರಿಯನ್ನು ಕತ್ತರಿಸಿ ಬಳಸಿದ್ದಾಗಿ ಬರೆದಿದ್ದೀರಿ. ಅದಕ್ಕೆ ಸತುವಿನ ಲೇಪ ಇರುತ್ತದೆ, ಹೆಚ್ಚು ಕಾವಿನಲ್ಲಿ ಆ ಲೇಪದಿಂದ ಹೊಗೆ ಏಳುತ್ತದೆ. ಅದನ್ನು ಬಿಸಾಡಿ ಸ್ಟೇನ್‌ಲೆಸ್ ಸ್ಟೀಲಿನ ಜಾಲರಿ ಕೊಳ್ಳಿ. ಗ್ರಿಲ್ಲಿನ ಅಡಿಗೆ ಇಟ್ಟಿಗೆ ಹಾಸಿ ಮರಳು ಹರಡದಿದ್ದರೆ ತಾರಸಿಯ ನೀರುನಿರೋಧಕ ಲೇಪವೂ ಹಾಳಾಗುತ್ತದೆ.

ಪ್ರಶ್ನೆ: ನಮ್ಮ ಪಾರ್ಟಿಯಲ್ಲಿ ಕೋಳಿ ಚೆನ್ನಾಗಿಯೇ ಬೆಂದಿತ್ತು. ಆದರೂ ಮರುದಿನ ನಾಲ್ವರಿಗೆ ವಾಂತಿ ಭೇದಿ. ಕೋಳಿ ಅಂಗಡಿಯವರನ್ನು ದೂರಬೇಕೇ?
– ಓದುಗರು, ಹುಬ್ಬಳ್ಳಿ

ಉತ್ತರ: ಅಂಗಡಿಯವರನ್ನು ದೂರುವ ಮೊದಲು ನಿಮ್ಮ ತಟ್ಟೆ, ಇಕ್ಕಳ, ಬ್ರಷ್ಷುಗಳನ್ನು ವಿಚಾರಿಸಿಕೊಳ್ಳಿ. ಹಸಿ ಕೋಳಿಯಲ್ಲಿ ರೋಗಾಣುಗಳಿರುವುದು ಅಸಾಮಾನ್ಯವೇನಲ್ಲ, ಬೆಂಕಿ ಅವುಗಳನ್ನು ಕೊಲ್ಲುತ್ತದೆ. ತೊಂದರೆ ಬರುವುದು ಬೆಂದದ್ದನ್ನು ಮತ್ತೆ ಹಸಿಯದಕ್ಕೆ ಮುಟ್ಟಿಸಿದಾಗ. ಮಸಾಲೆ ಹಚ್ಚಿದ ಕೋಳಿಯನ್ನು ಹೊತ್ತು ತಂದ ಅದೇ ತಟ್ಟೆಗೆ ಬೆಂದದ್ದನ್ನು ಹಾಕುವುದು, ಕೋಳಿ ನೆನೆದ ಮೊಸರಿನ ಮಸಾಲೆಯನ್ನು ಕೊನೆಯ ಗಳಿಗೆಯಲ್ಲಿ ಮೇಲೆ ಸವರುವುದು, ಮಾಂಸ ಕತ್ತರಿಸಿದ ಮಣೆಯ ಮೇಲೆಯೇ ಈರುಳ್ಳಿ, ನಿಂಬೆಹಣ್ಣು ಹೆಚ್ಚುವುದು, ಈ ಮೂರರಲ್ಲಿ ಒಂದಾದರೂ ನಡೆದಿರುವ ಸಾಧ್ಯತೆ ಹೆಚ್ಚು. ಸವರಲು ಮಸಾಲೆ ಬೇಕೆಂದಿದ್ದರೆ ಮೊದಲೇ ಸ್ವಲ್ಪವನ್ನು ಬೇರೆ ಬಟ್ಟಲಿನಲ್ಲಿ ತೆಗೆದಿಡಿ. ಎರಡು ಇಕ್ಕಳ, ಎರಡು ಬಣ್ಣದ ತಟ್ಟೆ ಇದ್ದರೆ ಗುಂಡು ಹಾಕಿದವರಿಗೂ ಗುರುತು ಸಿಗುತ್ತದೆ.

ಇನ್ನೊಂದು ಕಾರಣ ಹೊತ್ತು. 5ರಿಂದ 60 ಡಿಗ್ರಿ ನಡುವಿನ ಉಷ್ಣತೆಯಲ್ಲಿ ರೋಗಾಣುಗಳು ವೇಗವಾಗಿ ಬೆಳೆಯುತ್ತವೆ. ಹಸಿಯಾಗಲಿ ಬೆಂದದ್ದಾಗಲಿ, ಮಾಂಸ ಆ ಸ್ಥಿತಿಯಲ್ಲಿ ಒಟ್ಟು ಎರಡು ಗಂಟೆಗಿಂತ ಹೆಚ್ಚು ಇರಬಾರದು, ಹುಬ್ಬಳ್ಳಿಯ ಏಪ್ರಿಲ್ ತಿಂಗಳ ಸೆಕೆಯಲ್ಲಾದರೆ ಒಂದೇ ಗಂಟೆ. ಹಸಿ ಮಾಂಸವನ್ನೆಲ್ಲ ಒಮ್ಮೆಗೇ ಮೇಲಕ್ಕೆ ತರದೆ, ಕಂತುಕಂತಾಗಿ ಫ್ರಿಜ್ಜಿನಿಂದಲೋ ಮಂಜುಗಡ್ಡೆ ತುಂಬಿದ ಪೆಟ್ಟಿಗೆಯಿಂದಲೋ ತೆಗೆಯಿರಿ. ರಾತ್ರಿಯೆಲ್ಲ ಹರಟೆಯ ನಡುವೆ ತಟ್ಟೆಯಲ್ಲೇ ಉಳಿದ ತುಂಡುಗಳನ್ನು ಬೆಳಿಗ್ಗೆ ಪಲಾವಿಗೆ ಹಾಕುವ ಜಾಣತನ ಬೇಡ.

ಪ್ರಶ್ನೆ: ಪರಂಗಿಕಾಯಿ ಹಾಕಿದರೆ ಮಟನ್ ಮೆತ್ತಗಾಗುತ್ತದೆ ಎಂದು ಕೇಳಿ ರಾತ್ರಿಯಿಡೀ ನೆನೆಹಾಕಿದೆ. ಬೆಳಿಗ್ಗೆ ಮುಟ್ಟಿದರೆ ಹಿಟ್ಟಿನಂತಾಗಿತ್ತು. ಏಕೆ?
– ಓದುಗರು, ಶಿವಮೊಗ್ಗ

ಉತ್ತರ: ಹಸಿ ಪರಂಗಿಕಾಯಿಯಲ್ಲಿರುವ ಪಪೇನ್ ಎಂಬ ಕಿಣ್ವ ಮಾಂಸದ ಪ್ರೋಟೀನನ್ನೇ ತುಂಡರಿಸುತ್ತದೆ, ಮತ್ತು ಕಾವು ತಾಗುವವರೆಗೆ ನಿಲ್ಲಿಸುವುದಿಲ್ಲ. ಒಂದು ಕಿಲೋ ಮಟನ್ನಿಗೆ ಸಿಪ್ಪೆಸಹಿತ ತುರಿದ ಪರಂಗಿಕಾಯಿ ಒಂದು ದೊಡ್ಡ ಚಮಚೆ, ಒಂದರಿಂದ ಎರಡು ಗಂಟೆ, ಅಷ್ಟೇ ಮಿತಿ. ಅನಾನಸ್ ಹಣ್ಣಿನ ರಸದ ಗುಣವೂ ಇದೇ. ರಾತ್ರಿಯಿಡೀ ನೆನೆಸಬೇಕೆಂದಿದ್ದರೆ ಉಪ್ಪು ಮತ್ತು ಮೊಸರು ಸಾಕು. ಉಪ್ಪು ಕಿಲೋಗೆ ಎರಡು ಚಹಾ ಚಮಚೆಯಷ್ಟು ಇರಲಿ. ಮಾಂಸದ ಒಳಕ್ಕೆ ಇಳಿಯುವುದು ಮುಖ್ಯವಾಗಿ ಈ ಉಪ್ಪೇ, ಉಳಿದ ಮಸಾಲೆ ಎಷ್ಟು ಹೊತ್ತು ನೆನೆಸಿದರೂ ಹೊರಮೈಯಲ್ಲೇ ನಿಲ್ಲುತ್ತದೆ.

ಪ್ರಶ್ನೆ: ಫ್ಲಾಟಿನ ಬಾಲ್ಕನಿಯಲ್ಲಿ ಸಣ್ಣ ಇದ್ದಿಲಿನ ಗ್ರಿಲ್ ಇಟ್ಟುಕೊಂಡಿದ್ದೇವೆ. ಮಳೆ ಬಂದರೆ ಅದನ್ನು ಹಾಲಿಗೆ ತಂದು ಕಿಟಕಿ ತೆರೆದಿಟ್ಟರೆ ಆಗುವುದಿಲ್ಲವೇ?
– ಓದುಗರು, ವೈಟ್‌ಫೀಲ್ಡ್, ಬೆಂಗಳೂರು

ಉತ್ತರ: ಆಗುವುದಿಲ್ಲ. ಉರಿಯುವ ಇದ್ದಿಲು ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ಬಿಡುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮತ್ತು ಹೊಗೆ ಕಾಣದ ಕೆಂಡದಿಂದಲೂ ಅದು ಬರುತ್ತಲೇ ಇರುತ್ತದೆ. ತಲೆನೋವು, ವಾಕರಿಕೆ, ಮಂಪರು ಬರುವಷ್ಟರಲ್ಲಿ ಎದ್ದು ಹೊರಗೆ ಹೋಗುವ ಶಕ್ತಿಯೂ ಉಳಿದಿರುವುದಿಲ್ಲ. ಚಳಿಗೆಂದು ಕೋಣೆಯೊಳಗೆ ಕೆಂಡ ಇಟ್ಟುಕೊಂಡು ಮಲಗಿದವರು ಏಳದೇ ಹೋದ ಸುದ್ದಿಗಳನ್ನು ನೀವೂ ಓದಿರುತ್ತೀರಿ. ತೆರೆದ ಕಿಟಕಿಯನ್ನು ನಂಬಿ ಇದ್ದಿಲನ್ನು ಒಳಗೆ ತರಬೇಡಿ. ಅಡುಗೆ ಮುಗಿದ ಮೇಲೆ ಆರಿದಂತೆ ಕಾಣುವ ಗ್ರಿಲ್ಲನ್ನು ಒಳಗೆ ತಂದಿಡುವುದೂ ಅಷ್ಟೇ ಅಪಾಯ, ಬೂದಿಯ ಅಡಿಯಲ್ಲಿ ಕೆಂಡ ಮರುದಿನದವರೆಗೂ ಜೀವ ಹಿಡಿದಿರುತ್ತದೆ.

ಬಾಲ್ಕನಿಯಲ್ಲಿ ಇದ್ದಿಲು ಉರಿಸುವುದೂ ನನಗೆ ಒಪ್ಪಿಗೆಯಿಲ್ಲ. ಮೇಲಿನ ಮನೆಯವರ ಒಣಹಾಕಿದ ಬಟ್ಟೆ, ಪಕ್ಕದಲ್ಲಿರುವ ಎ.ಸಿ. ಯಂತ್ರ, ಹಾರುವ ಕಿಡಿ, ಇವುಗಳ ನಡುವೆ ಅದು ನೆಮ್ಮದಿಯ ಅಡುಗೆಯಲ್ಲ. ನಿವಾಸಿಗಳ ಸಂಘದ ಅನುಮತಿ ಪಡೆದು ತಾರಸಿಯಲ್ಲೋ ತೆರೆದ ಅಂಗಳದಲ್ಲೋ ಮಾಡಿ, ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಲಿ. ಮಳೆಗಾಲವಾದರೆ ಅಡುಗೆಮನೆಯ ಗ್ಯಾಸ್ ಒಲೆಯ ಮೇಲೆ ಬೀಡುಕಬ್ಬಿಣದ ಕಾವಲಿ ಕಾಯಿಸಿ ಚಾಪ್ಸ್ ಮಾಡಿ. ಕೆಂಡದ ರುಚಿಯ ಮುಕ್ಕಾಲು ಪಾಲು ಮಾಂಸದ ಮೈ ಕೆಂಪಗಾಗುವುದರಲ್ಲಿದೆ, ಅದನ್ನು ಕಾವಲಿಯೂ ಕೊಡುತ್ತದೆ.

ಪ್ರಶ್ನೆ: ಅಕ್ಟೋಬರ್ 2ರಂದು ರಜೆ ಇರುವುದರಿಂದ ಅಂದೇ ಸ್ನೇಹಿತರನ್ನು ಕರೆದಿದ್ದೇನೆ. ಮಾಂಸ ಬೆಳಿಗ್ಗೆ ತಂದರೆ ಸಾಕಲ್ಲವೇ?
– ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ಸಿಗುವುದಿಲ್ಲ. ಗಾಂಧಿ ಜಯಂತಿಯಂದು ಬೆಂಗಳೂರಿನಲ್ಲಿ ಪ್ರಾಣಿವಧೆ ಮತ್ತು ಮಾಂಸ ಮಾರಾಟಕ್ಕೆ ನಗರಾಡಳಿತದ ನಿಷೇಧವಿರುತ್ತದೆ. ಮಹಾವೀರ ಜಯಂತಿ, ರಾಮನವಮಿಯಂಥ ಇನ್ನು ಕೆಲವು ದಿನಗಳಲ್ಲೂ ಹೀಗೆಯೇ. ಹಿಂದಿನ ದಿನವೇ ತಂದು ಫ್ರಿಜ್ಜಿನಲ್ಲಿಡಿ, ಅಥವಾ ಒಂದು ದಿನ ಮುಂದೂಡಿ. ಬಾಡೂಟಕ್ಕೆ ದಿನ ಹುಡುಕುವವರಿಗೆ ಯುಗಾದಿಯ ಮರುದಿನದ ಹೊಸತೊಡಕು ಇದ್ದೇ ಇದೆ. ಆ ಹಬ್ಬಕ್ಕೆ ನಾಲ್ಕೈದು ಮನೆಯವರು ಸೇರಿ ಒಂದು ಮರಿ ಕೊಂಡು ಗುಡ್ಡೆ ಹಾಕಿ ಹಂಚಿಕೊಳ್ಳುವ ಹಳೇ ಮೈಸೂರಿನ ರೂಢಿ ಸ್ನೇಹಿತರ ಗುಂಪಿಗೂ ಚೆನ್ನಾಗಿ ಒದಗುತ್ತದೆ. 25 ಕಿಲೋ ತೂಗುವ ಮರಿಯಿಂದ ಸುಮಾರು 11–12 ಕಿಲೋ ಮಾಂಸ ಸಿಗುತ್ತದೆ ಎಂಬ ಲೆಕ್ಕ ನೆನಪಿರಲಿ.

ಪ್ರಶ್ನೆ: ಸಕಲೇಶಪುರದ ತೋಟದ ಮನೆಯಲ್ಲಿ ಹಂದಿಮಾಂಸ ಸುಡುವ ಯೋಜನೆ ಇದೆ. ವಿದೇಶದಲ್ಲಿದ್ದು ಬಂದ ಗೆಳೆಯರೊಬ್ಬರು ಒಳಗೆ ನಸುಗೆಂಪು ಇದ್ದರೇ ರುಚಿ ಎನ್ನುತ್ತಾರೆ. ಸರಿಯೇ?
– ಓದುಗರು, ಹಾಸನ

ಉತ್ತರ: ಅವರಿದ್ದ ದೇಶದಲ್ಲಿ ಅದು ಸರಿಯಿರಬಹುದು. ಅಮೆರಿಕದ ಕೃಷಿ ಇಲಾಖೆ ಹಂದಿಯ ಇಡೀ ತುಂಡುಗಳಿಗೆ 63 ಡಿಗ್ರಿ ಸೆಲ್ಸಿಯಸ್ ಮತ್ತು ಮೂರು ನಿಮಿಷದ ವಿಶ್ರಾಂತಿ ಸಾಕೆನ್ನುತ್ತದೆ. ಅಲ್ಲಿನ ಹಂದಿ ಹೆಚ್ಚಾಗಿ ಮುಚ್ಚಿದ ಫಾರಂಗಳಲ್ಲಿ ಬೆಳೆದು, ತಪಾಸಣೆ ಮುಗಿಸಿ ಬಂದದ್ದು. ನಮ್ಮಲ್ಲಿ ಬಯಲಲ್ಲಿ ಮೇಯುವ ಹಂದಿಯ ಮಾಂಸವೂ ಮಾರಾಟವಾಗುತ್ತದೆ, ಅದರಲ್ಲಿ ಲಾಡಿಹುಳುವಿನ ಕೋಶಗಳು ಇರಬಹುದು. ಅಕ್ಕಿಕಾಳಿನ ಗಾತ್ರದ ಬಿಳಿ ಗುಳ್ಳೆಗಳು ಮಾಂಸದಲ್ಲಿ ಕಂಡರೆ ಅದನ್ನು ಕೊಳ್ಳಲೇಬೇಡಿ. ಕಾಣದಿದ್ದರೂ ಒಳಗೆ 75 ಡಿಗ್ರಿ ತಲಪುವವರೆಗೆ, ನಸುಗೆಂಪು ಪೂರ್ತಿ ಹೋಗುವವರೆಗೆ ಬೇಯಿಸಿ.

ಹೊಟ್ಟೆಯ ಭಾಗದ, ಚರ್ಮ ಮತ್ತು ಕೊಬ್ಬು ಸಹಿತವಾದ ಮಾಂಸವನ್ನು ತಂದರೆ ಪೂರ್ತಿ ಬೆಂದರೂ ಒಣಗುವ ಭಯವಿಲ್ಲ. ದೊಡ್ಡ ಪಟ್ಟಿಗಳಾಗಿ ಕತ್ತರಿಸಿ, ಉಪ್ಪು, ಹುರಿದು ಪುಡಿಮಾಡಿದ ಕಾಳುಮೆಣಸು, ಜೀರಿಗೆ, ಬೆಳ್ಳುಳ್ಳಿ ಹಚ್ಚಿ, ಕೆಂಡವಿಲ್ಲದ ಬದಿಯಲ್ಲಿ ಮುಚ್ಚಿ ಒಂದು ಗಂಟೆ ಬೇಯಿಸಿ, ಕೊನೆಗೆ ಚರ್ಮದ ಬದಿಯನ್ನು ಕೆಂಡಕ್ಕೆ ಹಿಡಿಯಿರಿ. ಇಳಿಸಿದ ಮೇಲೆ ಸ್ವಲ್ಪ ಕಾಚಂಪುಳಿಯನ್ನು ಬಿಸಿನೀರಿನಲ್ಲಿ ಕದಡಿ ಸವರಿ. ಕೊಡಗಿನವರು ಪಂದಿಕರಿಗೆ ಅದನ್ನು ಕೊನೆಯಲ್ಲಿ ಹಾಕುವುದು ಸುಮ್ಮನೆ ಅಲ್ಲ, ಅದರ ಹುಳಿ ಕೊಬ್ಬಿನ ಜಿಡ್ಡನ್ನು ಹದಕ್ಕೆ ತರುತ್ತದೆ. ತೋಟದಲ್ಲಿ ಕಂಬಿ ಸಿಗಲಿಲ್ಲವೆಂದು ಕೈಗೆ ಸಿಕ್ಕ ಗಿಡದ ಕಡ್ಡಿಗೆ ಮಾಂಸ ಪೋಣಿಸಬೇಡಿ. ಕಣಗಿಲೆಯಂಥ ಗಿಡಗಳು ಪೂರ್ತಿ ವಿಷ.

ಪ್ರಶ್ನೆ: ಸುಟ್ಟ ಮಾಂಸ ತಿಂದರೆ ಕ್ಯಾನ್ಸರ್ ಬರುತ್ತದೆಂದು ಮಗಳು ಬಾರ್ಬೆಕ್ಯೂಗೆ ತಡೆ ಹಾಕಿದ್ದಾಳೆ. ಏನು ಹೇಳಲಿ?
– ಓದುಗರು, ದಾವಣಗೆರೆ

ಉತ್ತರ: ಮಗಳು ಹೇಳಿದ್ದರಲ್ಲಿ ಹುರುಳಿದೆ. ಹೆಚ್ಚು ಕಾವಿನಲ್ಲಿ ಮಾಂಸದ ಮೈ ಸೀದಾಗ ಒಂದು ಬಗೆಯ, ಕೊಬ್ಬು ಕೆಂಡಕ್ಕೆ ಬಿದ್ದು ಎದ್ದ ಹೊಗೆಯಿಂದ ಇನ್ನೊಂದು ಬಗೆಯ ಹಾನಿಕರ ವಸ್ತುಗಳು ಉಂಟಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕವೆಂದೂ ಕುರಿ, ದನ, ಹಂದಿಯಂಥ ಕೆಂಪು ಮಾಂಸವನ್ನು ಬಹುಶಃ ಕ್ಯಾನ್ಸರ್‌ಕಾರಕವೆಂದೂ ವರ್ಗೀಕರಿಸಿತು. ಆದ್ದರಿಂದ ಸಾಸೇಜುಗಳನ್ನು ನಿಮ್ಮ ಪಟ್ಟಿಯಿಂದ ಬಿಡುವುದು ಒಳ್ಳೆಯದು. ಉಳಿದಂತೆ, ಮಾಂಸವನ್ನು ಮೊದಲು ಅರ್ಧ ಬೇಯಿಸಿಕೊಂಡು ಕೆಂಡದ ಮೇಲಿನ ಹೊತ್ತನ್ನು ಕಡಿಮೆ ಮಾಡುವುದು, ಮೊಸರು, ನಿಂಬೆ, ಬೆಳ್ಳುಳ್ಳಿಯಲ್ಲಿ ನೆನೆಸುವುದು, ಪದೇ ಪದೇ ಹೊರಳಿಸುವುದು, ಕರಿಕಲಾದ ಅಂಚನ್ನು ಕತ್ತರಿಸಿ ಎಸೆಯುವುದು, ಇವೆಲ್ಲ ಆ ವಸ್ತುಗಳ ಪ್ರಮಾಣವನ್ನು ಇಳಿಸುತ್ತವೆ. ವರ್ಷಕ್ಕೆ ಮೂರ್ನಾಲ್ಕು ಸಲದ ಕೂಟಕ್ಕೂ ವಾರವಾರದ ಅಭ್ಯಾಸಕ್ಕೂ ಇರುವ ಅಂತರವನ್ನು ಮಗಳು ಒಪ್ಪಿಯಾಳು.

ಪ್ರಶ್ನೆ: ಟೆಕ್ಸಸ್‌ನ ಆಸ್ಟಿನ್‌ನಲ್ಲಿದ್ದೇವೆ. ಕನ್ನಡದ ಗೆಳೆಯರು, ಇಲ್ಲಿನ ನೆರೆಯವರು ಎಲ್ಲರನ್ನೂ ಕರೆದು ಬ್ರಿಸ್ಕೆಟ್ (ದನದ ಎದೆಯ ಭಾಗದ ಮಾಂಸ) ಮಾಡಲು ಹೊರಟೆ. ಆರು ಗಂಟೆಯ ನಂತರ ಮಾಂಸದ ಉಷ್ಣತೆ 70 ಡಿಗ್ರಿ ಸೆಲ್ಸಿಯಸ್‌ನಲ್ಲೇ ನಿಂತುಬಿಟ್ಟಿತು, ಎರಡು ಗಂಟೆ ಕಾದರೂ ಏರಲಿಲ್ಲ. ಗಾಬರಿಯಿಂದ ಬೆಂಕಿ ಹೆಚ್ಚಿಸಿದೆ, ಒಣಗಿಹೋಯಿತು. ಗೆಳೆಯರಲ್ಲಿ ಸಸ್ಯಾಹಾರಿಗಳೂ ದನದ ಮಾಂಸ ತಿನ್ನದವರೂ ಇದ್ದಾರೆ, ಅವರಿಗೆ ಮುಜುಗರವಾಗದಂತೆ ಹೇಗೆ ನಡೆಸಲಿ?
– ಓದುಗರು, ಆಸ್ಟಿನ್, ಅಮೆರಿಕ

ಉತ್ತರ: ಆ ನಿಲುಗಡೆ ಬ್ರಿಸ್ಕೆಟ್ ಮಾಡುವವರಿಗೆಲ್ಲ ಎದುರಾಗುತ್ತದೆ. ಮಾಂಸದೊಳಗಿನ ತೇವ ಹೊರಮೈಗೆ ಬಂದು ಆವಿಯಾಗುತ್ತ, ಮಣ್ಣಿನ ಹೂಜಿಯ ನೀರು ತಣ್ಣಗಾಗುವ ಹಾಗೆಯೇ, ಒಲೆ ಕೊಟ್ಟಷ್ಟು ಕಾವನ್ನು ಕಳೆದುಬಿಡುತ್ತದೆ. ಹೊರಮೈ ಒಣಗಿದ ಮೇಲೆ ಉಷ್ಣತೆ ಮತ್ತೆ ತಾನಾಗಿಯೇ ಏರತೊಡಗುತ್ತದೆ. ಕಾಯುವ ವ್ಯವಧಾನವಿಲ್ಲದಿದ್ದರೆ, ಹೊರಮೈ ಕಪ್ಪುಗಂದು ಬಣ್ಣಕ್ಕೆ ತಿರುಗಿದ ನಂತರ ಮಾಂಸವನ್ನು ಬುಚರ್ ಪೇಪರಿನಲ್ಲಿ ಬಿಗಿಯಾಗಿ ಸುತ್ತಿದರೆ ಆವಿ ಹೊರಹೋಗುವುದು ಕಡಿಮೆಯಾಗಿ ನಿಲುಗಡೆ ಬೇಗ ಮುಗಿಯುತ್ತದೆ. ಆ ಕಾಗದದ ಬಳಕೆ ನಿಮ್ಮ ಕಡೆಯದೇ ಸಂಪ್ರದಾಯ. ಮಧ್ಯ ಟೆಕ್ಸಸ್‌ನ ಬಾರ್ಬೆಕ್ಯೂ ಬೆಳೆದದ್ದು ಜರ್ಮನ್ ಮತ್ತು ಚೆಕ್ ವಲಸಿಗರ ಮಾಂಸದಂಗಡಿಗಳಲ್ಲಿ, ಮಾರಾಟವಾಗದೆ ಉಳಿದ ಮಾಂಸವನ್ನು ಹೊಗೆಯಲ್ಲಿ ಬೇಯಿಸಿ ಅದೇ ಕಾಗದದಲ್ಲಿ ಕಟ್ಟಿಕೊಡುತ್ತಿದ್ದುದರಿಂದ.

ಬ್ರಿಸ್ಕೆಟ್ ಎದೆಯ ಭಾಗದ, ಬಹಳ ದುಡಿದ ಸ್ನಾಯು. ಅದರೊಳಗಿನ ಗಟ್ಟಿ ಕೊಲಾಜೆನ್ ಜಿಲಾಟಿನ್ ಆಗಿ ಕರಗಲು ಕಾವಿನಷ್ಟೇ ಕಾಲವೂ ಬೇಕು, ಬೆಂಕಿ ಹೆಚ್ಚಿಸಿ ಕಾಲವನ್ನು ಉಳಿಸಲಾಗದು. ಗ್ರಿಲ್ಲಿನೊಳಗಿನ ಕಾವನ್ನು 107ರಿಂದ 120 ಡಿಗ್ರಿ ಸೆಲ್ಸಿಯಸ್ ನಡುವೆ ಇಟ್ಟು, ಐದಾರು ಕಿಲೋ ತುಂಡಿಗೆ 10ರಿಂದ 14 ಗಂಟೆ ಹಿಡಿಯಿರಿ. ಮಾಂಸ 95 ಡಿಗ್ರಿಯ ಆಸುಪಾಸಿಗೆ ಬಂದು, ಚುಚ್ಚಿದ ಕಡ್ಡಿ ತಡೆಯಿಲ್ಲದೆ ಒಳಗೆ ಇಳಿದರೆ ಆಯಿತು. ನಂತರ ಕಾಗದಸಹಿತ ಟವೆಲಿನಲ್ಲಿ ಸುತ್ತಿ, ಮಂಜುಗಡ್ಡೆ ಹಾಕದ ಐಸ್ ಪೆಟ್ಟಿಗೆಯಲ್ಲಿ ಒಂದೆರಡು ಗಂಟೆ ಬಿಡಿ. ಊಟ ಸಂಜೆ ಆರಕ್ಕಾದರೆ ಬೆಂಕಿ ಹಿಂದಿನ ರಾತ್ರಿಯೇ ಹೊತ್ತಬೇಕು. ಎಳೆಗೆ ಅಡ್ಡವಾಗಿ, ಪೆನ್ಸಿಲ್ ದಪ್ಪಕ್ಕೆ ಕತ್ತರಿಸಿ.

ಅತಿಥಿಗಳ ವಿಷಯದಲ್ಲಿ ಮುಚ್ಚುಮರೆಗಿಂತ ಮೊದಲೇ ತಿಳಿಸುವುದು ಮೇಲು. ಆಹ್ವಾನದಲ್ಲೇ ಏನೇನು ಇರುತ್ತದೆಂದು ಬರೆಯಿರಿ. ಬರುವುದೋ ಬೇಡವೋ, ಎಷ್ಟು ಹೊತ್ತಿಗೆ ಬರುವುದು ಎಂಬುದನ್ನು ಅವರೇ ನಿರ್ಧರಿಸಿಕೊಳ್ಳುತ್ತಾರೆ. ದನದ ಮಾಂಸ ತಿನ್ನದ ಮಾಂಸಾಹಾರಿಗಳಿಗೆ ಕೋಳಿ ಇರಲಿ, ಆದರೆ ಅದು ಬ್ರಿಸ್ಕೆಟ್ಟಿನ ಜಾಲರಿಯ ಮೇಲೆ ಬೇಡ, ಒಂದೇ ಚಾಕುವಿನಿಂದ ಎರಡನ್ನೂ ಕತ್ತರಿಸುವುದೂ ಬೇಡ. ಸಸ್ಯಾಹಾರಿಗಳಿಗೆ ಜಾಲರಿಯ ಮೂಲೆಯಲ್ಲಿ ಅಲ್ಯೂಮಿನಿಯಂ ಹಾಳೆ ಹಾಸಿ ನಾಲ್ಕು ಜೋಳದ ತೆನೆ ಇಡುವುದು ಉಪಚಾರವಲ್ಲ. ಗ್ಯಾಸಿನ ಸಣ್ಣ ಗ್ರಿಲ್ಲೊಂದನ್ನು ಗಾಳಿ ಬರುವ ದಿಕ್ಕಿಗೆ, ಮಾಂಸದ ಹೊಗೆ ಅತ್ತ ಸುಳಿಯದಂತೆ ದೂರದಲ್ಲಿ ಹಾಕಿ, ಪನೀರ್, ಬದನೆಕಾಯಿ, ಗೆಣಸು, ಅನಾನಸ್ ಅಲ್ಲಿ ಬೇಯಲಿ. ಆ ಗ್ರಿಲ್ಲಿನ ಇಕ್ಕಳವನ್ನು ಸಸ್ಯಾಹಾರಿ ಗೆಳೆಯರೊಬ್ಬರ ಕೈಗೇ ಕೊಟ್ಟುಬಿಡಿ. ಅಲ್ಲಿಗೆ ಮಾಂಸ ಮುಟ್ಟಿದ ಕೈ ಹೋಗದಂತೆ ಅವರೇ ನೋಡಿಕೊಳ್ಳುತ್ತಾರೆ.